ಕುಬ್ಜ ಗ್ಯಾಲಕ್ಸಿಯ ಮಹಾನಕ್ಷತ್ರಗಳು

ದೊಡ್ಡ ಮನೆಯಲ್ಲಿಯೇ ದೊಡ್ಡ ದೀಪವಿರಬೇಕೆಂದು ಎಣಿಸುವುದು ಸಹಜ; ಆಕಾಶವು ಈ ಎಣಿಕೆಯನ್ನು ಒಪ್ಪುವುದಿಲ್ಲ. ನಮ್ಮ ಆಕಾಶಗಂಗೆಯೂ ಆಂಡ್ರೊಮಿಡಾ ಗ್ಯಾಲಕ್ಸಿಯೂ ಸೇರಿರುವ ನೆರೆಹೊರೆಯಲ್ಲಿ ನಕ್ಷತ್ರಗಳು ಅತ್ಯಂತ ಉಜ್ಜ್ವಲವಾಗಿ ಜನಿಸುತ್ತಿರುವ ಎಡೆಯು ಆ ಎರಡು ಮಹಾಗ್ಯಾಲಕ್ಸಿಗಳಲ್ಲಿಲ್ಲ. ಸುಮಾರು 1,60,000 ಜ್ಯೋತಿರ್ವರ್ಷಗಳ ದೂರದ ದೊಡ್ಡ ಮೆಗಲನ್ ಮೇಘವೆಂಬ ಕುಬ್ಜ ಗ್ಯಾಲಕ್ಸಿಯಲ್ಲಿದೆ. ಅದಕ್ಕೆ ‘ದೊಡ್ಡ’ ಎಂಬ ಹೆಸರು ಪಕ್ಕದ ಚಿಕ್ಕ ಮೇಘಕ್ಕೆ ಹೋಲಿಸಿ ಬಂದುದಷ್ಟೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆಗೆ ಇಷ್ಟು ದೂರದ ನಿದರ್ಶನವು ಬೇರೆ ದೊರೆಯುವುದು ಕಷ್ಟ.

ಅಲ್ಲಿಯ ಟರಾಂಟುಲಾ ನೀಹಾರಿಕೆಯ ನಡುವೆ ಆರ್136 ಎಂಬ ತಾರಾಗುಚ್ಛವುಂಟು. ನಮ್ಮ ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ; ಈ ಗುಚ್ಛದ್ದು 10 ರಿಂದ 20 ಲಕ್ಷ ಮಾತ್ರ. ಮಹಾಗ್ಯಾಲಕ್ಸಿಯ ತಿರುಗುವ ಬಿಲ್ಲೆಯು ಅನಿಲದ ಮೋಡಗಳನ್ನು ಎಳೆದು ಹರಡಿಬಿಡುತ್ತದೆ. ಕುಬ್ಜ ಗ್ಯಾಲಕ್ಸಿಯಲ್ಲಿ ಆ ಎಳೆತವು ಕಡಮೆಯಾದುದರಿಂದ ಅನಿಲವು ಒಂದೆಡೆ ರಾಶಿಗೂಡಲು ಅವಕಾಶವುಂಟು. ಎರಡು ಮೇಘಗಳು ಹಿಂದೊಮ್ಮೆ ಸಮೀಪಿಸಿದಾಗ ಸೆಳೆಯಲ್ಪಟ್ಟ ಅನಿಲವು ಬಂದು ಅಪ್ಪಳಿಸಿದುದರಿಂದಲೇ ಈ ಗುಚ್ಛವು ಹುಟ್ಟಿತೆಂದು ಜಪಾನಿನ ವಿದ್ವಾಂಸರು 2017ರಲ್ಲಿ ವಾದಿಸಿದರು.

ಆದರೆ ನಮ್ಮ ಬಾಲಿಕೆಯರಿಗೆ ನಾನು ಮುಖ್ಯವಾಗಿ ಕಲಿಸಬಯಸುವುದು ಇದನ್ನಲ್ಲ, ಈ ಗುಚ್ಛದ ತೂಕದ ಕಥೆಯನ್ನು. ಅದರ ನಡುಬಿಂದುವು ಒಂದೇ ನಕ್ಷತ್ರವೆಂದೂ, ಸೂರ್ಯನ ಸಾವಿರಕ್ಕೂ ಮಿಕ್ಕ ಪಟ್ಟು ತೂಕದ್ದೆಂದೂ 1980ರ ದಶಕದ ಮೊದಲಲ್ಲಿ ಕೆಲವರು ನಂಬಿದ್ದರು. 1985ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಸೂಕ್ಷ್ಮವಾಗಿ ನೋಡಲು, ಅದು ಎಂಟು ಬಿಂದುಗಳಾಗಿ ಬಿಡಿಸಿಕೊಂಡಿತು. ಅವುಗಳಲ್ಲಿ ಅತಿ ದೊಡ್ಡದರ ತೂಕವನ್ನು 2010ರಲ್ಲಿ ಸೂರ್ಯನ 265 ಪಟ್ಟೆಂದರು. 2022ರಲ್ಲಿ ಇನ್ನೂ ಸ್ಪಷ್ಟವಾದ ಚಿತ್ರ ದೊರೆತಾಗ ಅದು 200ಕ್ಕಿಂತ ಕೆಳಗಿಳಿಯಿತು.

“ಹಾಗಾದರೆ ಪರೀಕ್ಷೆಯಲ್ಲಿ ಯಾವ ಅಂಕೆಯನ್ನು ಬರೆಯಬೇಕು?” ಎಂದು ತಂದೆತಾಯಿಗಳು ಕೇಳಬಹುದು. ಅಂಕೆಯೊಂದನ್ನೇ ಕಂಠಪಾಠಮಾಡಿದವಳ ವಿದ್ಯೆಯು ಮುಂದಿನ ಅಳತೆಯವರೆಗೆ ಮಾತ್ರ ಬಾಳೀತು. ಅಳೆಯುವ ಕ್ರಮವನ್ನು ತಿಳಿದವಳು ಹೊಸ ಅಂಕೆಯನ್ನು ತಾನೇ ಪರೀಕ್ಷಿಸಬಲ್ಲಳು. ಹೆಣ್ಣುಮಕ್ಕಳಿಗೆ ಇಷ್ಟು ವಿಜ್ಞಾನವೇಕೆಂದು ಸಂದೇಹಪಡುವವರು ಇನ್ನೊಂದನ್ನು ನೆನೆಯಬೇಕು: ಇಂತಹ ಗ್ಯಾಲಕ್ಸಿಗಳ ದೂರವನ್ನು ಅಳೆಯುವ ಕೋಲನ್ನು ಲೋಕಕ್ಕೆ ಕೊಟ್ಟವರು ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆ. ಹಾರ್ವರ್ಡಿನಲ್ಲಿ ಛಾಯಾಚಿತ್ರದ ಫಲಕಗಳನ್ನು ಪರಿಶೀಲಿಸುತ್ತ, ಚಿಕ್ಕ ಮೆಗಲನ್ ಮೇಘದ 25 ನಕ್ಷತ್ರಗಳಿಂದ ಅವರು ಆ ನಿಯಮವನ್ನು 1912ರಲ್ಲಿ ಸ್ಥಾಪಿಸಿದರು.

ಬೆಂಗಳೂರಿನ ಅಕ್ಷಾಂಶದಲ್ಲಿ ದೊಡ್ಡ ಮೇಘವು ದಿಗಂತದಿಂದ ಏಳೆಂಟು ಡಿಗ್ರಿಯಷ್ಟೇ ಮೇಲೇರುತ್ತದೆ. ದಕ್ಷಿಣಕ್ಕೆ ಬಯಲುಳ್ಳ ಊರಿನವರು ಜನವರಿಯ ಕೊನೆಯಲ್ಲಿ, ಚಂದ್ರನಿಲ್ಲದ ರಾತ್ರಿ 9 ಘಂಟೆಗೆ, ಮಕ್ಕಳೊಡನೆ ಹೊರಗೆ ಬಂದು ಹುಡುಕಿಯಾರು. ಧೂಳೂ ಪೇಟೆಯ ದೀಪಗಳೂ ಅಡ್ಡಬಾರದಿದ್ದರೆ ಮಸುಕಾದ ಮೋಡದ ತುಣುಕಿನಂತೆ ಕಂಡೀತು.