ಸ್ಟೀರಿಯೋ ಬದಲಿಸಿ, ಆದರೆ ತಂತಿ ಕತ್ತರಿಸಬೇಡಿ



ನಮ್ಮ ಯುವಕರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಬೈಕಿನ ಕಡೆಗೆ ತಿರುಗಲು ಐದು ನಿಮಿಷ ಬೇಡ. ಯಾರು ಯಾವ ಸೈಲೆನ್ಸರ್ ಹಾಕಿಸಿದರು, ಯಾರ ಬೈಕಿಗೆ ಯಾವ ಲೈಟು, ಇದೇ ಚರ್ಚೆ. ಈಚೆಗೆ ಅದಕ್ಕೆ ಇನ್ನೊಂದು ವಿಷಯ ಸೇರಿದೆ: ದೊಡ್ಡ ಟೂರಿಂಗ್ ಬೈಕಿನ ಸ್ಟೀರಿಯೋ. ಇದಕ್ಕೆ ಕಾರಣ ನನ್ನ ಮಾವನ ಬೈಕು. ಅದನ್ನು ನೋಡಿ "ನಮಗೂ ಹೀಗೇ ಮಾಡಿಸಬೇಕು" ಎನ್ನುವವರು ಹೆಚ್ಚಾಗಿದ್ದಾರೆ. ಹಾಗಾಗಿ ಆ ಬೈಕಿನ ಪೂರ್ತಿ ಕಥೆ ಹೇಳುವ ಹೊಣೆ ನನ್ನ ಮೇಲೆ ಬಂದಿದೆ.

ಮಾವ ಬಹಳ ವರ್ಷ ಗಲ್ಫಿನಲ್ಲಿ ದುಡಿದು ಮಂಜೇಶ್ವರಕ್ಕೆ ಮರಳಿದವರು. ಬಂದವರೇ ಹಳೆಯ ಆಸೆಯೊಂದನ್ನು ತೀರಿಸಿಕೊಂಡರು: 2012ರ ಹಾರ್ಲೆ-ಡೇವಿಡ್‌ಸನ್ ಸ್ಟ್ರೀಟ್ ಗ್ಲೈಡ್, ಸೆಕೆಂಡ್ ಹ್ಯಾಂಡ್. ಹ್ಯಾಂಡಲಿನ ಮುಂದೆ ಬಾವಲಿಯ ರೆಕ್ಕೆಯಂತೆ ಹರಡಿದ ಫೇರಿಂಗ್, ಅದರಲ್ಲಿ ಎರಡು ಸ್ಪೀಕರ್, ನಡುವೆ ರೇಡಿಯೋ ಮತ್ತು ಸಿಡಿ ಪ್ಲೇಯರ್. ಊರಿನ ಮಕ್ಕಳೆಲ್ಲ ಬಂದು ನೋಡಿ ಹೋದರು.

ಆ ಸ್ಟೀರಿಯೋ ಕೆಟ್ಟಿರಲಿಲ್ಲ. ಕಾಲ ಮಾತ್ರ ಅದನ್ನು ಬಿಟ್ಟು ಮುಂದೆ ಹೋಗಿತ್ತು. ಸಿಡಿ ಈಗ ಯಾರ ಮನೆಯಲ್ಲಿದೆ? ಹೊರಗಿನಿಂದ ಹಾಡು ಕೊಡಲು ಆಕ್ಸ್ ತೂತು ಇದೆ, ಆದರೆ ಮಾವನ ಹೊಸ ಫೋನಿನಲ್ಲಿ ಹೆಡ್‌ಫೋನ್ ತೂತೇ ಇಲ್ಲ. ಹಾರ್ಲೆಯ ದೊಡ್ಡ ಬೈಕುಗಳ ಸ್ಟೀರಿಯೋ ಪೂರ್ತಿ ಬದಲಾದದ್ದು 2014ರ ಮಾದರಿಗಳಲ್ಲಿ. 2018ರ ಹೋಂಡಾ ಗೋಲ್ಡ್ ವಿಂಗ್‌ನಲ್ಲಂತೂ ಆಪಲ್ ಕಾರ್‌ಪ್ಲೇಯೇ ಬಂತು. ಮೋಟಾರ್‌ಸೈಕಲ್ಲಿನಲ್ಲಿ ಅದೇ ಮೊದಲು. ಈ ನಡುವೆ 2012ರ ಬೈಕು ಇಟ್ಟುಕೊಂಡವರು ಏನು ಮಾಡಬೇಕು? ಹೊಸ ಸ್ಟೀರಿಯೋ ಹಾಕಿಸುವುದರಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಎಂಜಿನ್ ಗಟ್ಟಿಯಾಗಿರುವ ಬೈಕನ್ನು ಬರೀ ರೇಡಿಯೋಗಾಗಿ ಮಾರುವುದಕ್ಕಿಂತ ರೇಡಿಯೋ ಬದಲಿಸುವುದೇ ಜಾಣತನ. ತೊಂದರೆ ಇರುವುದು ನಾವು ಅದನ್ನು ಮಾಡಿಸುವ ರೀತಿಯಲ್ಲಿ.

ಮಾವ ಬೈಕನ್ನು ಕಾರಿಗೆ ಸ್ಟೀರಿಯೋ ಕೂರಿಸುವ ಒಂದು ಅಂಗಡಿಗೆ ಕೊಟ್ಟರು. ಹುಡುಗರು ಫೇರಿಂಗ್ ಬಿಚ್ಚಿ, ಹಳೆಯ ಸ್ಟೀರಿಯೋದ ಹಿಂದಿನ ಕನೆಕ್ಟರನ್ನು ಕತ್ತರಿಸಿ ಬಿಸಾಡಿ, ತಂತಿಗಳನ್ನು ತಿರುಚಿ ಟೇಪ್ ಸುತ್ತಿ, ಕಾರಿನ ಸ್ಟೀರಿಯೋ ಒಂದನ್ನು ಕೂರಿಸಿದರು. ಅರ್ಧ ದಿನದ ಕೆಲಸ. ಸಂಜೆ ಬ್ಲೂಟೂತ್ ಜೋಡಿಸಿ ಹಾಡು ಹಾಕಿದಾಗ ನಮಗೆಲ್ಲ ಭಾರಿ ಖುಷಿ.

ಹೋದದ್ದೇನೆಂದು ಗೊತ್ತಾದದ್ದು ಆಮೇಲೆ. ಆ ಬೈಕಿನ ಹ್ಯಾಂಡಲಿನಲ್ಲೇ ವಾಲ್ಯೂಮಿನ ಗುಂಡಿಗಳಿವೆ; ಹಿಡಿ ಬಿಡದೆ ಹೆಬ್ಬೆರಳಿನಲ್ಲೇ ಏರಿಸಬಹುದು, ಇಳಿಸಬಹುದು. ಇನ್ನೂ ಮುಖ್ಯವಾದದ್ದು, ವೇಗ ಹೆಚ್ಚಾದರೆ ದನಿ ತಾನಾಗಿ ಏರಿ, ವೇಗ ಕಡಿಮೆಯಾದರೆ ತಾನಾಗಿ ಇಳಿಯುವ ವ್ಯವಸ್ಥೆ. ಸ್ಟೀರಿಯೋ ಬೈಕಿನ ಉಳಿದ ಭಾಗಗಳೊಂದಿಗೆ ತಂತಿಯ ಮೂಲಕ ಮಾತಾಡುತ್ತಿರುವುದರಿಂದಲೇ ಇದೆಲ್ಲ ಸಾಧ್ಯ. ಕನೆಕ್ಟರ್ ಕತ್ತರಿಸಿದ ದಿನವೇ ಆ ಮಾತು ನಿಂತುಹೋಯಿತು. ಇನ್ನು ವಾಲ್ಯೂಮ್ ಬೇಕೆಂದರೆ ಎಡಗೈಯನ್ನು ಹ್ಯಾಂಡಲಿನಿಂದ ತೆಗೆದು, ಮುಂದಕ್ಕೆ ಬಾಗಿ, ಸಣ್ಣ ಗುಂಡಿ ತಿರುಗಿಸಬೇಕು. ಮುನ್ನೂರು ಕಿಲೋಗಿಂತ ಭಾರದ ಬೈಕಿನಲ್ಲಿ ಹೀಗೆ ಮಾಡುವುದು ಎಷ್ಟು ಸರಿ, ನೀವೇ ಹೇಳಿ. ಮಾವ ಅದಕ್ಕೊಂದು ದಾರಿ ಕಂಡುಕೊಂಡರು: ಹೊರಡುವಾಗಲೇ ಹೈವೇಗೆ ಬೇಕಾದಷ್ಟು ದನಿ ಇಟ್ಟುಬಿಡುವುದು.

ಒಂದು ಸಂಜೆ ಕಾಸರಗೋಡಿನಿಂದ ಹಿಂದಿರುಗುತ್ತಿದ್ದೆವು. ನಾನು ಹಿಂದೆ ಕೂತಿದ್ದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಕೆಲಸ ನಡೆಯುತ್ತಿದ್ದ ದಿನಗಳವು. ಉಪ್ಪಳದ ಹತ್ತಿರ ರಸ್ತೆ ಕಿರಿದಾಗಿ ವಾಹನಗಳೆಲ್ಲ ಆಮೆಯಂತೆ ಹೋಗುತ್ತಿದ್ದವು. ನಮ್ಮ ಸ್ಟೀರಿಯೋ ಮಾತ್ರ ಇನ್ನೂ ಗಂಟೆಗೆ 80 ಕಿ.ಮೀ. ವೇಗಕ್ಕೆ ಇಟ್ಟ ದನಿಯಲ್ಲೇ ಹಾಡುತ್ತಿತ್ತು. ಪಕ್ಕದ ಆಟೋದವರು ಕೈ ಚಾಚಿ ನನ್ನ ಭುಜಕ್ಕೆ ತಟ್ಟಿದ ಮೇಲೆಯೇ ನಾನು ತಿರುಗಿ ನೋಡಿದ್ದು. ಹಿಂದೆ ಆಂಬುಲೆನ್ಸ್ ನಿಂತಿತ್ತು. ಸೈರನ್ ಕೂಗುತ್ತಲೇ ಇತ್ತು. ನಮಗೆ ಮಾತ್ರ ಕೇಳಿರಲಿಲ್ಲ.

ಮಾವ ಬೈಕನ್ನು ಪಕ್ಕಕ್ಕೆ ಇಳಿಸಿದರು, ಆಂಬುಲೆನ್ಸ್ ಮುಂದೆ ಹೋಯಿತು. ಎಷ್ಟು ಹೊತ್ತು ಅದು ನಮ್ಮ ಬೆನ್ನ ಹಿಂದೆ ಕಾದಿತ್ತೋ, ಒಳಗಿದ್ದವರು ಯಾರೋ, ಅವರಿಗೆ ಏನಾಯಿತೋ ಇವತ್ತಿಗೂ ತಿಳಿಯದು. ಮಾವ ಹಾಡು ನಿಲ್ಲಿಸಿದರು. ಮನೆ ಮುಟ್ಟುವ ತನಕ ನಾವಿಬ್ಬರೂ ಮಾತಾಡಲಿಲ್ಲ.

ಕಾಸರಗೋಡಿನವರಿಗೆ ಆ ಸೈರನ್ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರಿಗೆ ಕಾಯಿಲೆ ಜೋರಾದರೂ ಮಂಗಳೂರಿನ ಆಸ್ಪತ್ರೆಯೇ ಗತಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸುಗಳನ್ನು ತಡೆದಾಗ ನಾವೆಲ್ಲ ಎಷ್ಟು ನೊಂದಿದ್ದೆವು, ಎಷ್ಟು ಕೋಪಗೊಂಡಿದ್ದೆವು! ಅದೇ ದಾರಿಯಲ್ಲಿ ಈಗ ಒಂದು ಹಾಡಿಗಾಗಿ ನಾವೇ ಅಡ್ಡ ನಿಂತಿದ್ದೆವು.

"ಹಾಗಾದರೆ ಬೈಕಿನಲ್ಲಿ ಹಾಡೇ ಬೇಡ" ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಆ ದಿನದ ತಪ್ಪು ಹಾಡಿನದ್ದಲ್ಲ, ದನಿಯ ಕಡಿವಾಣ ಕೈಯಲ್ಲಿ ಇಲ್ಲದೆ ಹೋದದ್ದರದ್ದು. ದೂರದ ಪ್ರಯಾಣದಲ್ಲಿ ದಾರಿ ಹೇಳುವ ದನಿ ಕೇಳಿದರೆ ಫೋನಿನ ಕಡೆ ನೋಡುವ ಅಗತ್ಯ ಬೀಳುವುದಿಲ್ಲ, ಅದು ಒಳ್ಳೆಯದೇ. ಇನ್ನು "ಹೆಲ್ಮೆಟ್ ಒಳಗೆ ಇಯರ್‌ಫೋನ್ ಸಾಕು" ಎನ್ನುವವರಿಗೆ ನನ್ನ ಉತ್ತರ: ಕಿವಿಯೊಳಗೆ ಬಿರಡೆಯಂತೆ ಕೂರುವ ಇಯರ್‌ಫೋನ್ ಸೈರನ್ನನ್ನು ಇನ್ನಷ್ಟು ದೂರ ತಳ್ಳುತ್ತದೆ.

ಕಿವಿಯ ಲೆಕ್ಕವೂ ಇದೆ. ಹೈವೇ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಕೆಲಸಗಾರರ ಕಿವಿಯ ರಕ್ಷಣೆಗೆ ಅಮೆರಿಕದ ನಯಾಶ್ ಸಂಸ್ಥೆ ಹೇಳುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 94 ಡೆಸಿಬೆಲ್ ಆದರೆ ಒಂದೇ ಗಂಟೆ. ಗಾಳಿಯನ್ನು ಮೀರಿಸಲು ಹಾಡನ್ನು ಏರಿಸುತ್ತಾ ಹೋದರೆ ಸೋಲುವುದು ನಮ್ಮ ಕಿವಿಯೇ. ಒಳ್ಳೆಯ ವಿಂಡ್‌ಶೀಲ್ಡ್, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಮಾಡುವ ಉಪಕಾರವನ್ನು ಹೆಚ್ಚಿನ ವಾಟ್ ಮಾಡುವುದಿಲ್ಲ. ಊರಿನವರ ಕಿವಿಗೂ ಬೆಲೆ ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಸ್ಟೀರಿಯೋ ಹಾಕಿಸುವುದು ನಮಗೆ ಕೇಳಲಿಕ್ಕೆ, ಊರಿಗೆ ಕೇಳಿಸಲಿಕ್ಕಲ್ಲ.

ಮರುವಾರವೇ ಮಾವ ಬೈಕನ್ನು ಈ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟರು. ಕತ್ತರಿಸಿದ ತಂತಿಗಳನ್ನು ಒಂದೊಂದಾಗಿ ಹುಡುಕಿ ಬೆಸುಗೆ ಹಾಕಿ ಕನೆಕ್ಟರ್ ಮತ್ತೆ ಕೂರಿಸುವುದರಲ್ಲೇ ಎರಡು ದಿನ ಹೋಯಿತು. ಮೊದಲು ಉಳಿಸಿದೆವು ಅಂದುಕೊಂಡ ಹಣಕ್ಕಿಂತ ಹೆಚ್ಚು ಇದಕ್ಕೇ ಖರ್ಚಾಯಿತು. ಅವರ ಪಕ್ಕ ನಿಂತು ನೋಡಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು, ತಂತಿ ಕತ್ತರಿಸಲು ಬಿಡಬೇಡಿ. ಬೈಕಿನ ಕನೆಕ್ಟರಿಗೂ ಹೊಸ ಸ್ಟೀರಿಯೋಗೂ ನಡುವೆ ಕೂರುವ ಅಡಾಪ್ಟರ್ ಹಾರ್ನೆಸ್ ಸಿಗುತ್ತದೆ. ಹ್ಯಾಂಡಲಿನ ಗುಂಡಿಗಳ ಭಾಷೆಯನ್ನು ಹೊಸ ಸ್ಟೀರಿಯೋಗೆ ತಿಳಿಸುವ ಇಂಟರ್‌ಫೇಸ್ ಕೂಡ ಸಿಗುತ್ತದೆ. 1998ರಿಂದ 2013ರವರೆಗಿನ ಹಾರ್ಲೆಗಳಿಗೆಂದೇ ಮಾಡಿದ ಸ್ಟೀರಿಯೋಗಳೂ ಇವೆ. ತಂತಿ ಕತ್ತರಿಸದಿದ್ದರೆ ಹಳೆಯದನ್ನು ಯಾವಾಗ ಬೇಕಾದರೂ ಮತ್ತೆ ಹಾಕಬಹುದು. ಹಳೆಯ ಸ್ಟೀರಿಯೋವನ್ನು ಬಿಸಾಡದೆ ಕಟ್ಟಿಡಿ.

ಎರಡನೆಯದು, ಸ್ಪೀಕರಿನ ಓಮ್ ನೋಡಿ. 2006ರಿಂದ 2013ರವರೆಗಿನ ಆ ಬೈಕುಗಳ ಮೂಲ ಸ್ಪೀಕರ್ 2 ಓಮ್. ಕಾರಿನ ಸಾಮಾನ್ಯ ಸ್ಟೀರಿಯೋ ಬಯಸುವುದು 4 ಓಮ್. ಓಮ್ ಕಡಿಮೆಯಾದಷ್ಟು ಸ್ಟೀರಿಯೋದಿಂದ ಹರಿಯುವ ಕರೆಂಟು ಹೆಚ್ಚು. ಆಗ ಅದು ಕಾದು ನಡುದಾರಿಯಲ್ಲಿ ಆಫ್ ಆಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಸ್ಟೀರಿಯೋ ಬದಲಿಸುವಾಗ ಸ್ಪೀಕರಿನ ವಿಷಯವನ್ನೂ ಕೇಳಿ.

ಮೂರನೆಯದು, ನಮ್ಮ ಮಳೆ. ಜೂನ್ ತಿಂಗಳ ಕರಾವಳಿಯಲ್ಲಿ ಕಾರಿನ ಸ್ಟೀರಿಯೋ ಬೈಕಿನ ಮೇಲೆ ಬಾಳುವುದು ಕಷ್ಟ. ನೀರು, ಉಪ್ಪುಗಾಳಿ, ಎಂಜಿನ್ನಿನ ನಡುಕ ಮೂರನ್ನೂ ತಡೆಯುವಂತೆ ಬೈಕಿಗೋ ದೋಣಿಗೋ ಮಾಡಿದ್ದನ್ನೇ ಕೊಳ್ಳಿ.

ನಾಲ್ಕನೆಯದು, ಕರೆಂಟು. ಹೊಸ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ನೆನಪಿಗಾಗಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ ಹೋಗಬೇಕು. ಎರಡನ್ನೂ ಬ್ಯಾಟರಿಗೇ ಕಟ್ಟಿದರೆ ಕೀಲಿ ತೆಗೆದ ಮೇಲೂ ಸ್ಟೀರಿಯೋ ಕರೆಂಟು ಕುಡಿಯುತ್ತಲೇ ಇರಬಹುದು. ಅಷ್ಟು ಭಾರದ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗಿ ನೋಡಿ, ಆಗ ಗೊತ್ತಾಗುತ್ತದೆ! ಫ್ಯೂಸ್ ಇಲ್ಲದೆ ಯಾವ ತಂತಿಯನ್ನೂ ಎಳೆಯಬೇಡಿ.

"ಇಷ್ಟೆಲ್ಲ ಖರ್ಚು ಯಾಕೆ?" ಎಂದು ಕೇಳಬಹುದು. ಹಣ ಸಾಲದಿದ್ದರೆ ಕಾಯಿರಿ. ಇಲ್ಲದ ಸ್ಟೀರಿಯೋದಿಂದ ಯಾರಿಗೂ ಅಪಾಯವಿಲ್ಲ, ಅರೆಬರೆ ಕೂರಿಸಿದ್ದರಿಂದ ಇದೆ. ಅಂಗಡಿಯವರನ್ನು "ಎಷ್ಟು ವಾಟ್?" ಎಂದು ಕೇಳುವ ಮೊದಲು "ಹ್ಯಾಂಡಲಿನಿಂದ ದನಿ ಇಳಿಸಬಹುದೇ?" ಎಂದು ಕೇಳಿ. ಇಲ್ಲ ಎಂದರೆ ಬೈಕು ಕೊಡಬೇಡಿ.

ಮೊನ್ನೆ ಮತ್ತೆ ಮಾವನ ಜೊತೆ ಅದೇ ದಾರಿಯಲ್ಲಿ ಬಂದೆ. ಉಪ್ಪಳ ಬರುವಾಗ ವೇಗ ಇಳಿಯಿತು, ಹಾಡಿನ ದನಿಯೂ ಜೊತೆಗೇ ಇಳಿಯಿತು. ಆದರೂ ಮಾವನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಅದನ್ನು ಪೂರ್ತಿ ನಿಲ್ಲಿಸಿತು. ಪೇಟೆ ದಾಟುವ ತನಕ ಆಟೋಗಳ ಹಾರ್ನ್, ಬಸ್ಸಿನ ಕಂಡಕ್ಟರನ ಕೂಗು ಎಲ್ಲವೂ ನಮಗೆ ಕೇಳಿಸುತ್ತಿತ್ತು.