ಅಶೋಕಾರಿಷ್ಟ: ನಿದಾನ ಬೇಕು, ನಿಧಾನ ಬೇಡ

ಕೆಲವು ತಿಂಗಳ ಹಿಂದೆ ನಲವತ್ತೆರಡು ವರ್ಷದ ಗೃಹಿಣಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಎಂಬುದು ಅವರ ದೂರು. ಹೃದಯದ ಕಾಯಿಲೆಯೇ ಇರಬೇಕೆಂಬ ಭಯ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಭಾಗ ಕಾಗದದಂತೆ ಬಿಳಿಚಿತ್ತು. ಹಿಮೋಗ್ಲೋಬಿನ್ ಬರೀ 6 ಗ್ರಾಂ. ಮುಟ್ಟಿನ ವಿಷಯ ಕೆದಕಿದಾಗಷ್ಟೇ ಅಸಲು ಸಂಗತಿ ಹೊರಬಿತ್ತು. ಎರಡು ವರ್ಷಗಳಿಂದ ಪ್ರತಿ ತಿಂಗಳೂ ಹತ್ತು ಹನ್ನೆರಡು ದಿನ ಸ್ರಾವ, ಜೊತೆಗೆ ಹೆಪ್ಪುಗಟ್ಟಿದ ರಕ್ತ. 'ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೇ?' ಎಂದು ಕೇಳಿದೆ. 'ಅಶೋಕಾರಿಷ್ಟ ಕುಡೀತಾ ಇದೀನಲ್ಲ ಡಾಕ್ಟ್ರೇ' ಎಂದರು.

ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದೊಳಕ್ಕೆ ಚಾಚಿಕೊಂಡ ನಾರುಗಡ್ಡೆ ಕಂಡಿತು.

ಅಲೋಪತಿ ವೈದ್ಯರೊಬ್ಬರು ಆಯುರ್ವೇದವನ್ನು ಹೀಗಳೆಯಲು ಹೊರಟಿದ್ದಾರೆ ಎಂದು ಓದುಗರು ಭಾವಿಸಬಾರದು. ಅಶೋಕದ ಮೇಲೆ ನನಗೇನೂ ಹಗೆಯಿಲ್ಲ. ಕೇಸರಿ-ಕೆಂಪು ಗೊಂಚಲು ಹೂಗಳ, ಪಶ್ಚಿಮ ಘಟ್ಟದ ಹೊಳೆಬದಿಯ ಕಾಡುಗಳಲ್ಲಿ ಬೆಳೆಯುವ ಈ ಮರವನ್ನು ನಮ್ಮ ಹಿರಿಯರು ಸುಮ್ಮನೆ ಗೌರವಿಸಲಿಲ್ಲ. ಸೀತೆ ಕುಳಿತದ್ದು ಅಶೋಕವನದಲ್ಲಿ, ಹೆಸರೇ ಶೋಕವಿಲ್ಲದ್ದು. ಅತಿಸ್ರಾವಕ್ಕೆ ಇದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕೊಡುವ, ಬೆಲ್ಲ ಮತ್ತು ಧಾತಕಿ ಹೂವಿನೊಂದಿಗೆ ಹುದುಗಿಸಿ ಅರಿಷ್ಟ ಮಾಡುವ ಪದ್ಧತಿ ಬಹಳ ಹಳೆಯದು. ತೊಗಟೆಯಲ್ಲಿ ಟ್ಯಾನಿನ್, ಕ್ಯಾಟೆಚಿನ್ ಮುಂತಾದ ಒಗರು ಅಂಶಗಳಿರುವುದೂ ನಿಜ. ಆದರೆ ಆಧುನಿಕ ಔಷಧಗಳೊಡನೆ ಹೋಲಿಸಿ ದೊಡ್ಡ ಪ್ರಮಾಣದಲ್ಲಿ ನಡೆಸಿದ ಪ್ರಯೋಗಗಳ ಬಲ ಇದಕ್ಕಿನ್ನೂ ದೊರೆತಿಲ್ಲ. ಸಾಮಾನ್ಯ ಏರುಪೇರಿಗೆ ಉಪಶಮನ ಸಿಕ್ಕೀತು ಎನ್ನಬಹುದು. ಅದಕ್ಕಿಂತ ದೊಡ್ಡ ಮಾತು ಸದ್ಯಕ್ಕೆ ಹೇಳಲಾಗದು.

ನನ್ನ ತಕರಾರು ಮರದ ಮೇಲಲ್ಲ, ಬಾಟಲಿಯನ್ನು ನಂಬಿ ಕಾಯುವುದರ ಮೇಲೆ. ಅತಿಸ್ರಾವ ಎಂಬುದು ಜ್ವರದ ಹಾಗೆ. ಅದು ರೋಗವಲ್ಲ, ರೋಗದ ಲಕ್ಷಣ. ನಾರುಗಡ್ಡೆ, ಗರ್ಭಕೋಶದ ಪಾಲಿಪ್, ಥೈರಾಯ್ಡ್ ಕೊರತೆ, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ರಕ್ತ ಹೆಪ್ಪುಗಟ್ಟುವ ಶಕ್ತಿಯ ದೋಷ, ಗರ್ಭಪಾತ, ಕೆಲವೊಮ್ಮೆ ಕ್ಯಾನ್ಸರ್ ಹೀಗೆ ಕಾರಣ ಹತ್ತಾರು. ಎಲ್ಲಕ್ಕೂ ಒಂದೇ ಅರಿಷ್ಟ ಹೇಗೆ ಸಾಲುತ್ತದೆ? ಆಯುರ್ವೇದವೂ ಮೊದಲು ಹೇಳುವುದು ನಿದಾನವನ್ನೇ, ಅಂದರೆ ರೋಗದ ಮೂಲವನ್ನು ಪತ್ತೆ ಹಚ್ಚುವುದನ್ನು. ನಾವು ನಿದಾನವನ್ನು ಬಿಟ್ಟು ನಿಧಾನವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಇನ್ನೊಂದು ಸಂಗತಿ. ನೀವು ಕೊಳ್ಳುವ ತೊಗಟೆ ಅಶೋಕದ್ದೇ ಎಂಬ ಖಾತರಿ ಇದೆಯೇ? ರಸ್ತೆ ಬದಿಯಲ್ಲಿ, ಶಾಲೆಯ ಆವರಣದಲ್ಲಿ ಕಂಬದಂತೆ ನೆಟ್ಟಗೆ ನಿಂತ ಮರವನ್ನೂ ನಾವು ಅಶೋಕ ಎಂದೇ ಕರೆಯುತ್ತೇವೆ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಮರ. ದಕ್ಷಿಣ ಭಾರತದ ಮಾರುಕಟ್ಟೆಯ ಅಶೋಕ ತೊಗಟೆಯನ್ನು ಡಿಎನ್‌ಎ ವಿಧಾನದಿಂದ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಮಾದರಿಗಳು ಅಸಲಿಯಾಗಿರಲಿಲ್ಲ. ನಿಜವಾದ ಅಶೋಕವೋ ತೊಗಟೆಗಾಗಿ ಕಡಿದು ಕಡಿದು ಅಪಾಯದಂಚಿನ ಮರಗಳ ಪಟ್ಟಿ ಸೇರಿದೆ. ಅಂಗಡಿಯ ಪುಡಿಗಿಂತ ಪರವಾನಗಿ ಪಡೆದ ತಯಾರಿಕೆ ಮೇಲು. ಅದನ್ನೂ ಪದವೀಧರ ಆಯುರ್ವೇದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಅರಿಷ್ಟದಲ್ಲಿ ಬೆಲ್ಲವೂ ಹುದುಗಿನಿಂದ ಬಂದ ಮದ್ಯಸಾರವೂ ಇರುತ್ತವೆ ಎಂಬುದನ್ನು ಮಧುಮೇಹಿಗಳು ಮತ್ತು ಗರ್ಭಿಣಿಯರು ಮರೆಯಬಾರದು.

ಹಾಗಾದರೆ ಅತಿಸ್ರಾವ ಎಂದರೆ ಎಷ್ಟು? ಮುಟ್ಟು 21ರಿಂದ 35 ದಿನಗಳಿಗೊಮ್ಮೆ ಬಂದು ಏಳು ದಿನದೊಳಗೆ ನಿಂತರೆ ಚಿಂತೆಯಿಲ್ಲ. ಸಾಮಾನ್ಯವಾಗಿ ಹೋಗುವ ರಕ್ತ ಸುಮಾರು 30-40 ಮಿಲಿಲೀಟರ್. 80 ದಾಟಿದರೆ ಅತಿ. ಮನೆಯಲ್ಲಿ ಯಾರೂ ಅಳೆಯಲಾರರು ನಿಜ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ಮುಟ್ಟಿನ ದಿನಗಳಲ್ಲಿ ಹೊರಗೆ ಹೋಗಲು ಹಿಂಜರಿಕೆಯಾದರೆ ಅದೇ ಅಳತೆ. ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತಡ ಮಾಡಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ತೊಟ್ಟು ಕಂಡರೂ ಅದೇ ವಾರ ವೈದ್ಯರನ್ನು ಕಾಣಬೇಕು. ಅಲ್ಲಿ ಅಶೋಕಾರಿಷ್ಟಕ್ಕೆ ಜಾಗವಿಲ್ಲ.

ರಕ್ತಹೀನತೆ ನಮ್ಮ ಹೆಂಗಸರಿಗೆ ಮೊದಲೇ ಅಂಟಿದ ಶಾಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು, ಕರ್ನಾಟಕದಲ್ಲಿ ಶೇ. 48ರಷ್ಟು ಮಂದಿಗೆ ರಕ್ತ ಕಡಿಮೆ. ಇಂಥವರಲ್ಲಿ ತಿಂಗಳು ತಿಂಗಳೂ ಸೋರಿಕೆಯಾದರೆ ಏನು ಉಳಿದೀತು? ಕಬ್ಬಿಣದ ಮಾತ್ರೆ ನುಂಗುವವರು ಕಾಫಿ, ಟೀ, ಒಗರು ಕಷಾಯಗಳಿಂದ ಎರಡು ಗಂಟೆ ಅಂತರ ಇಡಿ. ಟ್ಯಾನಿನ್ ಕಬ್ಬಿಣದ ಅಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ.

ಇಲ್ಲಿ ನಮ್ಮವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೆಂಗಸರು ಅಶೋಕದ ಬಾಟಲಿಗೆ ಅಂಟಿಕೊಳ್ಳಲು ಒಂದು ಕಾರಣ ಆಸ್ಪತ್ರೆಯ ಭಯ. 'ಹೋದರೆ ಗರ್ಭಕೋಶ ತೆಗೀಬೇಕು ಅಂತಾರೆ' ಎಂಬ ಮಾತು ಪೂರ್ತಿ ಸುಳ್ಳಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಆದೇಶಿಸಬೇಕಾಯಿತು. ಮಕ್ಕಳಾದ ಮೇಲೆ ಗರ್ಭಕೋಶ ಬೇಡದ ಚೀಲ ಎಂಬ ಭಾವನೆ ತಪ್ಪು. ಸ್ರಾವ ತಗ್ಗಿಸುವ ಟ್ರಾನೆಕ್ಸಮಿಕ್ ಆಮ್ಲದ ಮಾತ್ರೆ, ಹಾರ್ಮೋನು ಮಾತ್ರೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನು ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆ ಇವೆಲ್ಲ ಇವೆ. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ 'ಯಾಕೆ? ಬೇರೆ ದಾರಿ ಇಲ್ಲವೇ?' ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಅದು ನಿಮ್ಮ ಹಕ್ಕು.

ನನ್ನ ಸಲಹೆ ಇಷ್ಟೇ. ಮೊದಲು ತಪಾಸಣೆ: ಹಿಮೋಗ್ಲೋಬಿನ್, ಥೈರಾಯ್ಡ್, ಅಲ್ಟ್ರಾಸೌಂಡ್ ಸ್ಕ್ಯಾನ್, ಗರ್ಭ ಧರಿಸುವ ವಯಸ್ಸಿನವರಾದರೆ ಗರ್ಭಪರೀಕ್ಷೆ, ವೈದ್ಯರು ಹೇಳಿದರೆ ಗರ್ಭಕೋಶದ ಒಳಪದರದ ಪರೀಕ್ಷೆ. ಗಂಭೀರ ಕಾರಣವಿಲ್ಲವೆಂದು ಖಚಿತವಾದ ಮೇಲೆ ಆಯುರ್ವೇದ ಬೇಕೆನಿಸಿದರೆ ಧಾರಾಳವಾಗಿ ವೈದ್ಯರ ನಿಗಾದಲ್ಲಿ ಸೇವಿಸಿ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಮತ್ತೆ ಬನ್ನಿ. ಗಂಡಂದಿರಿಗೂ ಒಂದು ಮಾತು: ಮನೆಯಾಕೆ ಸುಸ್ತು ಎಂದಾಗ 'ಟಾನಿಕ್ ಕುಡಿ' ಎನ್ನಬೇಡಿ, ಜೊತೆಗೂಡಿ ಆಸ್ಪತ್ರೆಗೆ ಕರೆತನ್ನಿ.

ಆ ಗೃಹಿಣಿಗೆ ರಕ್ತ ಕೊಟ್ಟು, ತಜ್ಞರಿಂದ ಗಡ್ಡೆ ತೆಗೆಸಿ, ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟೆವು. ಹಿಮೋಗ್ಲೋಬಿನ್ ಈಗ 12. ಗರ್ಭಕೋಶ ಹಾಗೇ ಇದೆ. ಎರಡು ವರ್ಷ ಮೊದಲೇ ಬಂದಿದ್ದರೆ ರಕ್ತ ಕೊಡುವ ಪ್ರಮೇಯವೇ ಬರುತ್ತಿರಲಿಲ್ಲ.