ಫೋಟೊ ಹಾಕ್ರಿ, ಆದ್ರ ಹೆಸರು ಕೇಳಿ ಹಾಕ್ರಿ

ಡಿಸೆಂಬರ್ ಬಂತೆಂದರೆ ನಮ್ಮ ಹಾಸ್ಟೆಲ್ ಗ್ರೂಪುಗಳಲ್ಲಿ ಹಳೇ ಫೋಟೊಗಳ ಸುಗ್ಗಿ. ಮಂಗಳೂರು ಕಡೆಯ ಗೆಳೆಯರು ಅಜ್ಜ-ಅಜ್ಜಿ ಕಾಲದ ಕ್ರಿಸ್‌ಮಸ್ ಫೋಟೊ ಹಾಕ್ತಾರೆ: ಗೋದಲಿ, ನಕ್ಷತ್ರದ ಗೂಡುದೀಪ, ತಟ್ಟೆ ತುಂಬ ಕುಸ್ವಾರ್. ಅದನ್ನು ನೋಡಿ ವಿಜಯಪುರ, ಬಾಗಲಕೋಟೆ ಕಡೆಯವರು 'ನಮ್ಮ ಮನ್ಯಾಗೂ ಇಂಥಾವು ಅದಾವ' ಅಂತ ಎಳ್ಳ ಅಮವಾಸ್ಯೆ, ಸಂಕ್ರಾಂತಿ ಫೋಟೊ ತೆಗೀತಾರೆ. ಇದು ಚೊಲೋನೇ. ಆದರೆ ಫೋಟೊದಲ್ಲಿ ಇರುವವರ ಹೆಸರು ಹೇಳದೆ ಫೋಟೊ ಮಾತ್ರ ಹಂಚಿದರೆ ಅರ್ಧ ಕೆಲಸ ಅನ್ನೋದು ನಮ್ಮ ವಾದ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯನ್ನೇ ತಗೊಳ್ರಿ. ಕೃಷ್ಣಾ ದಂಡೆಯ ಊರು. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದ ಜಾಗ ಅಂತ ಜನ ನಂಬಿ ಬರುವ ಊರು. ಎಳ್ಳ ಅಮವಾಸ್ಯೆಗೆ ಈ ಭಾಗದ ಮಂದಿ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ಬೆಳೆಗೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿಯ ಬುತ್ತಿ ಬಿಚ್ಚಿ ಕೂಡಿ ಉಣ್ತಾರೆ. ಸಂಕ್ರಾಂತಿಗೆ ಹೊಳಿ ಸ್ನಾನ, ಕುಸುರೆಳ್ಳು.

ಆದರೆ ಆ ಹೊಳಿ ದಂಡೆ ಈಗ ಮೊದಲಿನಂತಿಲ್ಲ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಕೂಡಲಸಂಗಮದವರೆಗೂ ಬಂತು. ಅಲ್ಲಿನ ಬಸವಣ್ಣನವರ ಐಕ್ಯಮಂಟಪ ಉಳಿಸಲು ಸುತ್ತ ಬಾವಿಯಂಥ ಗೋಡೆ ಕಟ್ಟಬೇಕಾಯ್ತು. ಹೊಳೆಯ ಮೇಲ್ಭಾಗದಲ್ಲಿ ಆಲಮಟ್ಟಿ ನೀರಿಗೆ ಹೊಲ, ಊರು, ಹಳೇ ಬಾಗಲಕೋಟೆಯ ಓಣಿಗಳೇ ಹೋದವು. ಹಂಗ ಮುಳುಗಿದ ಹೊಲದಲ್ಲಿ ಉಂಡ ಊಟದ ಫೋಟೊ ಯಾರ ಮನೆಯಲ್ಲಾದರೂ ಇದ್ದರೆ, ಆ ಹೊಲಕ್ಕೆ ಉಳಿದಿರೋ ಗುರುತು ಅದೊಂದೇ ಇರಬಹುದು. ಅದು ಯಾವ ಹೊಲ ಅಂತ ಹೇಳುವ ಅಜ್ಜ ಹೋದ ಮೇಲೆ ಆ ಗುರುತೂ ಇಲ್ಲ.

ವಾಟ್ಸಾಪ್‌ಗೆ ಹಾಕಿದರೆ ಉಳೀತು ಅಂದ್ಕೋಬೇಡ್ರಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಕಡತದ ಹೆಸರಿಗೆ ಅದು ಬಂದ ದಿನದ ತಾರೀಖು ಅಂಟುತ್ತೆ. 1985ರ ಫೋಟೊ 2024ರದ್ದಾಗಿಬಿಡುತ್ತೆ. ಹಬ್ಬದ ಹೆಸರಿನಿಂದ ತಾರೀಖು ಹಿಡಿಯೋದೂ ಕಷ್ಟ: 2024ರಲ್ಲಿ ಎಳ್ಳ ಅಮವಾಸ್ಯೆ ಜನವರಿ 11ಕ್ಕೂ ಬಂತು, ಡಿಸೆಂಬರ್ 30ಕ್ಕೂ ಬಂತು. ಅದಕ್ಕೇ ಫೋಟೊದ ಬೆನ್ನು ತಿರುವಿ ನೋಡ್ರಿ. ಸ್ಟುಡಿಯೋ ಮುದ್ರೆಯಲ್ಲಿ ಬಾಗಲಕೋಟೆಗೆ 'ಜಿಲ್ಲಾ ಬಿಜಾಪುರ' ಅಂತಿದ್ದರೆ ಬಹುಶಃ 1997ಕ್ಕಿಂತ ಹಿಂದಿನದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು ಆ ವರ್ಷ.

ಇನ್ನು ನಮಗೆ ಮುಖ್ಯ ಅನ್ನಿಸೋ ಮಾತು. ಚರಗ ಚೆಲ್ಲೋಕೆ ಹೊಲ ಬೇಕು, ಫೋಟೊಕ್ಕೆ ಕ್ಯಾಮೆರಾ ಬೇಕು. ಎರಡೂ ಎಲ್ಲರ ಮನೇಲಿ ಇರಲಿಲ್ಲ. ಫೋಟೊದ ಅಂಚಿಗೆ ಎತ್ತಿನ ಹಗ್ಗ ಹಿಡಿದು ನಿಂತವನ, ಬುತ್ತಿಬುಟ್ಟಿ ಹೊತ್ತು ಅರ್ಧಕ್ಕೆ ಕತ್ತರಿಸಿಹೋದ ಹೆಣ್ಣುಮಗಳ ಹೆಸರೂ ಕೇಳ್ರಿ. ಅವರ ಮೊಮ್ಮಗ ನಿಮ್ಮ ಪಕ್ಕದ ಬೆಂಚಿನಲ್ಲೇ ಕೂತಿರಬಹುದು. ಅವನ ಮನೆಯಲ್ಲಿ ಆ ಅಜ್ಜನ ಫೋಟೊ ಒಂದೂ ಇಲ್ಲದಿರಬಹುದು. 'ಯಾರ ಫೋಟೊ ಹೆಚ್ಚು ಹಳೇದು' ಅಂತ ಸ್ಪರ್ಧೆ ಇಟ್ಟರೆ ಅವನು ಸುಮ್ಮನೆ ಕೂರ್ತಾನೆ. ಫೋಟೊ ಇಲ್ಲದವರು ಹೇಳೋ ನೆನಪಿಗೂ ಫೋಟೊದಷ್ಟೇ ತೂಕ ಕೊಟ್ಟರೆ ಅವನೂ ಬಾಯಿ ಬಿಡ್ತಾನೆ.

ಈ ರಜೆಗೆ ಊರಿಗೆ ಹೋದಾಗ ಆಲ್ಬಮ್ ಹಿಡಿದು ಅಜ್ಜಿ ಹತ್ತಿರ ಒಂದು ತಾಸು ಕೂಡ್ರಿ. ಆಕೆ ಹೇಳೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡ್ರಿ. ಹೆಸರು, ಊರು, ವರ್ಷವನ್ನು ಫೋಟೊದ ಹಿಂದೆ ಮೆತ್ತನೆ ಪೆನ್ಸಿಲ್‌ನಿಂದ ಬರೀರಿ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತೆ. ಫ್ಲ್ಯಾಶ್ ಹಾಕದೆ ಕಿಟಕಿ ಬೆಳಕಿಗೆ ಫೋಟೊ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸ್ರಿ. ಗ್ರೂಪಿಗೆ ಹಾಕೋ ಮುಂಚೆ ಮನೆಯವರನ್ನ ಒಂದು ಮಾತು ಕೇಳ್ರಿ. ಸೆಮಿಸ್ಟರ್ ಶುರುವಾದ ಮೇಲೆ ಎಲ್ಲರೂ ಕೂತು ನೋಡೋಣ.